ಉತ್ತರ ತುಮಕೂರಿನ ಗೃಹಮುದ್ರಣಗಳೂ ಮನೆಯ ಮೀಡಿಯಾ ಸರ್ವರೂ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಇತಿಹಾಸವನ್ನು ಅಭ್ಯಾಸಮಾಡುವವರು ಇದುವರೆಗೆ ಮುಖ್ಯವಾಗಿ ಶಾಸನಗಳನ್ನೂ ಕೋಟೆ, ಗುಡಿ, ಗೋರಿಗಳನ್ನೂ ಸರ್ಕಾರಿ ದಾಖಲೆಗಳನ್ನೂ ಆಧಾರವಾಗಿಟ್ಟುಕೊಂಡು ಬಂದಿದ್ದಾರೆ. ಇದು ಸಹಜವೇ. ಆದರೆ ಕಳೆದ ನಾಲ್ಕೈದು ದಶಕಗಳಲ್ಲಿ ಬೇರೊಂದು ಬಗೆಯ ಸಾಮಗ್ರಿಯು ಈ ಪ್ರಾಂತದ ಮನೆಗಳ ಅಟ್ಟಗಳಲ್ಲಿಯೂ ಬೀರುಗಳಲ್ಲಿಯೂ ಸದ್ದಿಲ್ಲದೆ ಕೂಡಿಬಿದ್ದಿದೆ. ಹಾಡು ತುಂಬಿಸಿದ ಕ್ಯಾಸೆಟ್ಟುಗಳು, ಮದುವೆಯ ವೀಡಿಯೋ ಕ್ಯಾಸೆಟ್ಟುಗಳು, ಊರಿನ ನಾಟಕದ ಸಿ.ಡಿ.ಗಳು, ಈಗ ಬಳಕೆಯಲ್ಲಿಲ್ಲದ ಮೊಬೈಲುಗಳ ಮೆಮೊರಿ ಕಾರ್ಡುಗಳು, ಇವೇ ಆ ಸಾಮಗ್ರಿ. ಮಾರಾಟಕ್ಕಾಗಿ ಅಲ್ಲದೆ ಮನೆಯವರಿಗಾಗಿ, ಅಥವಾ ಊರಿನವರಿಗಾಗಿ, ಮಾಡಿಕೊಂಡ ಇಂತಹ ಮುದ್ರಣಗಳನ್ನು ಈ ಲೇಖನದಲ್ಲಿ ಗೃಹಮುದ್ರಣಗಳೆಂದು ಕರೆದಿದ್ದೇವೆ. ಇವುಗಳನ್ನು ಮನೆಯಲ್ಲಿಯೇ ಒಂದು ಸಣ್ಣ ಸರ್ವರಿನಲ್ಲಿ ಒಟ್ಟುಗೂಡಿಸಿ ಮತ್ತೆ ಕೇಳುವಂತೆಯೂ ನೋಡುವಂತೆಯೂ ಮಾಡುವ ಕ್ರಮ ಯಾವುದು, ಆ ಕ್ರಮದಿಂದ ಇತಿಹಾಸಕಾರನಿಗೆ ಆಗುವ ಲಾಭವೇನು, ಅದರ ಮಿತಿಗಳೇನು ಎಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ.

ಮೊದಲು ಈ ಮುದ್ರಣಗಳಲ್ಲಿ ಏನಿರಬಹುದೆಂಬುದನ್ನು ನೋಡೋಣ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯು ಕಾಡುಗೊಲ್ಲರ ಮುಖ್ಯ ಪುಣ್ಯಸ್ಥಳಗಳಲ್ಲೊಂದು. ಜುಂಜಪ್ಪನ ಕಥೆಯನ್ನು ಗೊಲ್ಲರಹಟ್ಟಿಗಳ ಹಾಡುಗಾರರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನ ನಾದದೊಡನೆ ರಾತ್ರಿಯೆಲ್ಲ ಹಾಡುವುದುಂಟು. ಇದೇ ಹಟ್ಟಿಗಳಲ್ಲಿಯೂ ಊರುಗಳಲ್ಲಿಯೂ ಹೆಂಗಸರ ಸೋಬಾನೆ ಪದಗಳು, ಬೀಸುವ ಪದಗಳು, ಏಕತಾರಿ ಹಿಡಿದು ಹಾಡುವ ತತ್ತ್ವಪದಗಳು, ಭಜನೆಗಳು ಇವೆ. ಮುಖವೀಣೆ, ಮದ್ದಳೆಗಳ ಮೂಡಲಪಾಯ ಬಯಲಾಟವು ಕ್ಷೀಣಿಸಿದ್ದರೂ ಕುರುಕ್ಷೇತ್ರವೇ ಮೊದಲಾದ ಪೌರಾಣಿಕ ನಾಟಕಗಳು ಹಾರ್ಮೋನಿಯಂ ಮೇಷ್ಟ್ರುಗಳ ಆಶ್ರಯದಲ್ಲಿ ಇಂದಿಗೂ ನಡೆಯುತ್ತಿವೆ. 1884ರಲ್ಲಿ ಇದೇ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಮಟ್ಟುಗಳು ಹಳ್ಳಿಯ ರಂಗಕ್ಕೆ ಹೇಗೆ ಇಳಿದುಬಂದುವು ಎಂಬುದನ್ನು ಯಾರಾದರೂ ಬರೆಯಬೇಕೆಂದಾದರೆ, ಅಚ್ಚಾದ ನಾಟಕದ ಪುಸ್ತಕಗಳಿಗಿಂತ ಈ ಮುದ್ರಣಗಳೇ ಹೆಚ್ಚು ನೆರವಾಗುವುವೆಂದು ನಮಗೆ ತೋರುತ್ತದೆ. ಪುಸ್ತಕದಲ್ಲಿ ಪದ್ಯ ಮಾತ್ರ ಇರುತ್ತದೆ, ಮಟ್ಟು ಇರುವುದಿಲ್ಲ. ಪಾವಗಡದ ಸ್ಥಿತಿ ಇನ್ನೂ ವಿಶಿಷ್ಟವಾದುದು. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಈ ತಾಲ್ಲೂಕಿನಲ್ಲಿ ಅನೇಕ ಮನೆಗಳ ಆಡುಮಾತು ತೆಲುಗು, ಓದುಬರಹ ಕನ್ನಡ. ಒಂದೇ ಮದುವೆಯ ಮುದ್ರಣದಲ್ಲಿ ಎರಡು ಭಾಷೆಗಳ ಹಾಡುಗಳೂ ಬರಬಹುದು. ಯಾವ ಹಾಡನ್ನು ಯಾವ ಸಂದರ್ಭದಲ್ಲಿ ಯಾವ ಭಾಷೆಯಲ್ಲಿ ಹಾಡಿದರು ಎಂಬುದು ಜನಗಣತಿಯ ಅಂಕಿಗಳಿಂದ ತಿಳಿಯತಕ್ಕ ವಿಷಯವಲ್ಲ.

ಹಾಡಿಗಿಂತ ಹಿನ್ನೆಲೆಯೇ ಮುಖ್ಯವಾಗುವ ಸಂದರ್ಭಗಳೂ ಇವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಈಗ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವಿದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಯ ಹೊತ್ತಿಗೆ ಅದು ಪೂರ್ಣಗೊಂಡಿತು. ಅದಕ್ಕೆ ಮೊದಲು ಆ ಊರುಗಳಲ್ಲಿ ತೆಗೆದ ಯಾವುದೇ ಮದುವೆಯ ಅಥವಾ ಜಾತ್ರೆಯ ವೀಡಿಯೋದಲ್ಲಿ ಮೆರವಣಿಗೆಯ ಹಿಂದೆ ಕಾಣುವ ಹೊಲ, ಬದು, ಬಾವಿ, ಮರಗಳು ಇಂದು ಆ ರೂಪದಲ್ಲಿ ಉಳಿದಿಲ್ಲ. ವೀಡಿಯೋ ತೆಗೆದವನು ಮದುಮಗನನ್ನು ಚಿತ್ರಿಸಿದ. ಅವನಿಗೆ ಅರಿವಿಲ್ಲದೆ ಒಂದು ಭೂದೃಶ್ಯವೂ ದಾಖಲಾಯಿತು.

ಈ ಸಾಮಗ್ರಿಯ ಆಯುಸ್ಸು ದೊಡ್ಡದಲ್ಲ. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಮುದ್ರಿಸುವ ಯಂತ್ರ ಕಂಪನಿಗಳ ವಶದಲ್ಲಿತ್ತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಬಳಕೆಗೆ ತಂದುದರಿಂದ, ಭಾರತದಲ್ಲಿಯಾದರೋ 1980ರ ದಶಕದಲ್ಲಿ ಅದು ಅಗ್ಗವಾದುದರಿಂದ, ಮುದ್ರಿಸುವ ಶಕ್ತಿ ಹಾಡುವವರ ಮನೆಗೇ ಬಂದಿತು. ಆದರೆ ಕಾಂತೀಯ ಟೇಪು ಶಿಲೆಯಲ್ಲ. ಧೂಳು, ಸೆಕೆ, ಬೂಷ್ಟು ಅದನ್ನು ಕೆಡಿಸುತ್ತವೆ. ಟೇಪು ಚೆನ್ನಾಗಿದ್ದರೂ ಅದನ್ನು ನುಡಿಸುವ ಯಂತ್ರ ದೊರೆಯುವುದು ಕಷ್ಟವಾಗುತ್ತಿದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಪ್ರಸಿದ್ಧ ಸಂಸ್ಥೆಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಹೊರಟ ಕಾಂತೀಯ ಟೇಪಿನ ಎಚ್ಚರಿಕೆಯ ಯೋಜನೆಯು, 2025ರ ಸುಮಾರಿಗೆ ಟೇಪುಗಳನ್ನು ನುಡಿಸುವ ವೃತ್ತಿಪರ ಸೌಕರ್ಯವೇ ಎಲ್ಲೆಡೆ ಕೊನೆಗಾಣಬಹುದೆಂಬ ತಜ್ಞರ ಅಭಿಪ್ರಾಯವನ್ನು ಮುಂದಿಟ್ಟಿತು. ಆ ವರ್ಷವು ಬಂದುಹೋದರೂ ನಮ್ಮ ಪೇಟೆಗಳಲ್ಲಿ ಹಳೆಯ ಟೇಪ್‌ರೆಕಾರ್ಡರುಗಳನ್ನು ರಿಪೇರಿಮಾಡುವ ಒಬ್ಬಿಬ್ಬರು ಇದ್ದರೆ ಅದನ್ನು ಅದೃಷ್ಟವೆಂದೇ ಎಣಿಸಬೇಕು.

ಟೇಪಿನಿಂದ ಕಂಪ್ಯೂಟರಿಗೆ ಇಳಿಸುವ ಕೆಲಸವು ವಾಚಕರು ಭಾವಿಸಬಹುದಾದಷ್ಟು ದುಬಾರಿಯಲ್ಲ. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಒಂದು ತಂತಿ, ನಡುವೆ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ಒಂದು ಸಣ್ಣ ಸಾಧನ, ಆಚೆ ಒಂದು ಕಂಪ್ಯೂಟರು, ಇಷ್ಟು ಸಾಕು. ಸಿ.ಡಿ.ಯ ಮಟ್ಟದಲ್ಲಿ ಇಳಿಸಿದರೆ ಒಂದು ಗಂಟೆಯ ಧ್ವನಿಗೆ ಸುಮಾರು 635 ಮೆಗಾಬೈಟ್ ಸ್ಥಳ ಬೇಕು. ಅಂತರರಾಷ್ಟ್ರೀಯ ಧ್ವನಿಭಂಡಾರಗಳ ಸಂಘವು ಕನಿಷ್ಠ ಮಟ್ಟವೆಂದು ವಿಧಿಸಿರುವ 48,000 ಹರ್ಟ್ಸ್, 24 ಬಿಟ್‌ಗಳ ಪ್ರಮಾಣದಲ್ಲಾದರೆ ಸುಮಾರು ಒಂದು ಗಿಗಾಬೈಟ್. ನೂರು ಕ್ಯಾಸೆಟ್ಟುಗಳ ಒಂದು ಮನೆಯ ಸಂಗ್ರಹವೆಲ್ಲ ಇಂದಿನ ಸಾಧಾರಣ ಮೊಬೈಲೊಂದರಲ್ಲಿ ಹಿಡಿಯುವಷ್ಟೇ ಆಯಿತು. ಫ್ಲ್ಯಾಕ್ ಎಂಬ ರೂಪದಲ್ಲಿಟ್ಟರೆ ಧ್ವನಿಯ ಒಂದಂಶವೂ ನಷ್ಟವಾಗದೆ ಗಾತ್ರ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಎಂ.ಪಿ.3 ರೂಪವು ಕಿವಿಗೆ ಕೇಳದೆಂದು ಭಾವಿಸಿದ ಭಾಗಗಳನ್ನು ಕಿತ್ತುಹಾಕುವುದರಿಂದ ಮೂಲಪ್ರತಿಗೆ ಅದು ತಕ್ಕುದಲ್ಲ.

ಇಳಿಸುವಾಗ ಎರಡು ಸಂಗತಿಗಳನ್ನು ನೆನಪಿಡಬೇಕು. ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ಅಥವಾ ನಲವತ್ತೈದು ನಿಮಿಷಗಳಿಗೆ ಮುಗಿಯುತ್ತದೆ. ರಾತ್ರಿಯಿಡೀ ಹಾಡಿದ ಜುಂಜಪ್ಪನ ಕಥೆಯಲ್ಲಿ ತಟ್ಟನೆ ಕಡಿದುಹೋಗುವ ಪ್ರಸಂಗಗಳು ಯಂತ್ರದ ಎಲ್ಲೆಗಳೇ ಹೊರತು ಕಾವ್ಯದ ಎಲ್ಲೆಗಳಲ್ಲ. ಇದನ್ನು ತಿಳಿಯದೆ ಕಾವ್ಯದ ರಚನೆಯನ್ನು ಕುರಿತು ಸಿದ್ಧಾಂತ ಕಟ್ಟಿದರೆ ನಗೆಪಾಟಲಾದೀತು. ಎರಡನೆಯದಾಗಿ, ಬ್ಯಾಟರಿಯ ಬಲ ಕುಂದಿದಾಗ ಮುದ್ರಿಸಿದ ಟೇಪು ನಿಧಾನವಾಗಿ ಓಡಿರುತ್ತದೆ. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರಿ, ವೃದ್ಧನ ಧ್ವನಿ ಬಾಲಕನದಾಗಿ ಕೇಳುತ್ತದೆ. ನಾಟಕದ ಮುದ್ರಣವಾಗಿದ್ದರೆ ಹಾರ್ಮೋನಿಯಮ್ಮಿನ ಸ್ಥಿರವಾದ ಸ್ವರವನ್ನು ಹಿಡಿದು ವೇಗವನ್ನು ತಿದ್ದಬಹುದು. ತಿದ್ದಿದರೂ ತಿದ್ದದ ಪ್ರತಿಯನ್ನು ಉಳಿಸಿಕೊಳ್ಳಲೇಬೇಕು.

ಇನ್ನು ಸರ್ವರಿನ ವಿಷಯ. ಸರ್ವರೆಂಬ ಹೆಸರು ದೊಡ್ಡದಾದರೂ ವಸ್ತು ಸಣ್ಣದು. ಮನೆಯ ಹಳೆಯ ಲ್ಯಾಪ್‌ಟಾಪು, ಅದಕ್ಕೆ ಸೇರಿಸಿದ ಒಂದು ಹಾರ್ಡ್ ಡಿಸ್ಕು, ಅದರಲ್ಲಿ ಸದಾ ನಡೆಯುತ್ತಿರುವ ಒಂದು ತಂತ್ರಾಂಶ, ಇವು ಕೂಡಿದರೆ ಮೀಡಿಯಾ ಸರ್ವರಾಯಿತು. ತಂತ್ರಾಂಶವು ಡಿಸ್ಕಿನಲ್ಲಿರುವ ಫೋಲ್ಡರುಗಳನ್ನು ತಡಕಿ, ಸಿಕ್ಕ ಹಾಡು, ವೀಡಿಯೋಗಳ ಪಟ್ಟಿಯನ್ನು ತಯಾರಿಸುತ್ತದೆ. ಮನೆಯ ವೈಫೈಗೆ ಸೇರಿದ ಟಿ.ವಿ.ಯಲ್ಲಾಗಲಿ ಮೊಬೈಲಿನಲ್ಲಾಗಲಿ ಆ ಪಟ್ಟಿಯನ್ನು ತೆರೆದು ಬೇಕಾದುದನ್ನು ಒತ್ತಿದರೆ ಸರ್ವರು ಅದನ್ನು ಅಲ್ಲಿಗೆ ಕಳುಹಿಸುತ್ತದೆ. ಇಂಟರ್ನೆಟ್ಟಿನ ಸಂಪರ್ಕ ಕಡಿದಿದ್ದರೂ ಮನೆಯೊಳಗೆ ಇದು ನಡೆಯುತ್ತದೆ. ಕೇಳುವ ಯಂತ್ರಕ್ಕೆ ಫೈಲಿನ ರೂಪ ತಿಳಿಯದಿದ್ದಾಗ ಸರ್ವರು ಅದನ್ನು ಆ ಕ್ಷಣದಲ್ಲಿಯೇ ಬೇರೆ ರೂಪಕ್ಕೆ ತಿರುಗಿಸಿ ಕೊಡುತ್ತದೆ; ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎಂದು ಹೆಸರು. ಇಪ್ಪತ್ತು ವರ್ಷಗಳ ಹಿಂದಿನ ಮೊಬೈಲಿನ 3ಜಿಪಿ ಫೈಲುಗಳಿಗೂ ಮದುವೆಯ ವಿ.ಸಿ.ಡಿ.ಗಳಿಗೂ ಇದು ಬಹಳ ಪ್ರಯೋಜನಕಾರಿ. 2012ರಿಂದ ದೊರೆಯುತ್ತಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಹಾಡುಗಳಿಗೆ ಧಾರಾಳವಾಗಿ ಸಾಕು; ವೀಡಿಯೋವನ್ನು ರೂಪಾಂತರಿಸುವ ಕೆಲಸಕ್ಕೆ ಅದರ ಶಕ್ತಿ ಸಾಲದು. ವಿದ್ಯುತ್ತು ಹೋಗಿಬರುವ ನಮ್ಮ ಊರುಗಳಲ್ಲಿ ಹಳೆಯ ಲ್ಯಾಪ್‌ಟಾಪೇ ಮೇಲು. ಅದರ ಬ್ಯಾಟರಿ ಕೆಟ್ಟಿರದಿದ್ದರೆ ಅದೇ ಯು.ಪಿ.ಎಸ್. ಆಗುತ್ತದೆ. ಇಪ್ಪತ್ತು ವಾಟ್ ಸೆಳೆಯುವ ಯಂತ್ರವನ್ನು ವರ್ಷವಿಡೀ ನಡೆಸಿದರೆ ಸುಮಾರು 175 ಯೂನಿಟ್ ಖರ್ಚು.

ತಂತ್ರಾಂಶಗಳಲ್ಲಿ ಪ್ಲೆಕ್ಸ್ ಬಹುಕಾಲದಿಂದ ಪ್ರಸಿದ್ಧವಾದುದು, ಎಂಬಿ ಇನ್ನೊಂದು. ಎಂಬಿಯವರು ತಮ್ಮ ಮೂಲಸಂಕೇತವನ್ನು ಮುಚ್ಚಿದಾಗ, 2018ರ ಡಿಸೆಂಬರಿನಲ್ಲಿ ಕೆಲವರು ಅದರ ತೆರೆದ ಪ್ರತಿಯಿಂದ ಜೆಲ್ಲಿಫಿನ್ ಎಂಬುದನ್ನು ಕವಲೊಡೆಸಿದರು. ಅದು ಉಚಿತ, ಅದರ ಸಂಕೇತ ಎಲ್ಲರಿಗೂ ತೆರೆದದ್ದು. ಸಂಗೀತಕ್ಕಾಗಿಯೇ ಇರುವ ನ್ಯಾವಿಡ್ರೋಮ್ ಇನ್ನೂ ಹಗುರವಾದುದು. ಇವುಗಳಲ್ಲಿ ಯಾವುದನ್ನು ಆಯಬೇಕೆಂಬುದು ಅಭಿರುಚಿಯ ಪ್ರಶ್ನೆ ಮಾತ್ರವಲ್ಲ. ಪ್ಲೆಕ್ಸ್ ಸಂಸ್ಥೆಯು 2025ರ ಏಪ್ರಿಲಿನಿಂದ, ಮನೆಯ ಹೊರಗಿನಿಂದ ತಮ್ಮದೇ ವೀಡಿಯೋಗಳನ್ನು ನೋಡುವುದಕ್ಕೂ ಶುಲ್ಕ ವಿಧಿಸಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಗೂಗಲ್ ಫೋಟೋಸ್ ಕೊಡುತ್ತಿದ್ದ ಮಿತಿಯಿಲ್ಲದ ಉಚಿತ ಸ್ಥಳವು 2021ರ ಜೂನ್ 1ರಿಂದ ನಿಂತಿತು. ಇವು ಅನ್ಯಾಯಗಳೆಂದು ನಾವು ಹೇಳುತ್ತಿಲ್ಲ. ವ್ಯಾಪಾರಿಯು ತನ್ನ ಅಂಗಡಿಯನ್ನು ತನಗೆ ಬೇಕಾದಾಗ ಮುಚ್ಚಬಹುದು; ಅಜ್ಜಿಯ ಹಾಡಿನ ಒಂದೇ ಪ್ರತಿಯನ್ನು ಆ ಅಂಗಡಿಯಲ್ಲಿಟ್ಟವನು ಮಾತ್ರ ಯೋಚಿಸಬೇಕು.

ಈಗ ನಮ್ಮ ದೃಷ್ಟಿಯಿಂದ ಅತಿ ಮುಖ್ಯವಾದ ಭಾಗಕ್ಕೆ ಬರುತ್ತೇವೆ. ಈ ತಂತ್ರಾಂಶಗಳನ್ನು ನಿರ್ಮಿಸಿದವರ ಕಣ್ಣ ಮುಂದೆ ಇದ್ದುದು ಅಂಗಡಿಯಲ್ಲಿ ಕೊಂಡ ಸಿನಿಮಾ, ಕೊಂಡ ಸಂಗೀತ. ಆದುದರಿಂದ ಫೈಲಿನ ಹೆಸರನ್ನು ಹಿಡಿದು ಇಂಟರ್ನೆಟ್ಟಿನ ಕೋಶಗಳಲ್ಲಿ ಹುಡುಕಿ, ನಟರ ಹೆಸರು, ಚಿತ್ರ, ಕಥಾಸಾರಗಳನ್ನು ತಾವೇ ತಂದು ಅಂಟಿಸುತ್ತವೆ. ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯ ಯುವಕರು ಆಡಿದ ನಾಟಕದ ವೀಡಿಯೋ ‘ಕುರುಕ್ಷೇತ್ರ’ ಎಂಬ ಹೆಸರಿನಲ್ಲಿದೆಯೆಂದು ಭಾವಿಸೋಣ. ಅದನ್ನು ಸಿನಿಮಾ ವಿಭಾಗದಲ್ಲಿ ಹಾಕಿದರೆ 2019ರಲ್ಲಿ ತೆರೆಕಂಡ ಅದೇ ಹೆಸರಿನ ಕನ್ನಡ ಚಲನಚಿತ್ರದ ವಿವರಗಳು ಅದಕ್ಕೆ ಅಂಟಿಕೊಳ್ಳುವ ಸಂಭವವುಂಟು. ಊರಿನ ದುರ್ಯೋಧನನ ಜಾಗದಲ್ಲಿ ಸಿನಿಮಾದ ನಾಯಕ ಬಂದು ಕೂಡುತ್ತಾನೆ. ಜೆಲ್ಲಿಫಿನ್ನಿನಲ್ಲಿ ಮನೆಯ ವೀಡಿಯೋಗಳಿಗೆಂದು ಪ್ರತ್ಯೇಕ ಬಗೆಯ ವಿಭಾಗವಿದೆ. ಅಲ್ಲಿ ಹಾಕಿದರೆ ಈ ಹುಡುಕಾಟ ನಡೆಯುವುದಿಲ್ಲ. ಹಾಡಿನ ವಿಷಯದಲ್ಲಿ ತೊಡಕು ಇನ್ನೂ ಆಳವಾದುದು. ಕಲಾವಿದ, ಆಲ್ಬಂ, ಸಂಯೋಜಕ, ಬಿಡುಗಡೆಯ ವರ್ಷ, ಇವು ಆ ಪಟ್ಟಿಯ ಮನೆಗಳು. ಸೋಬಾನೆ ಪದಕ್ಕೆ ಸಂಯೋಜಕನಾರು? ಹಸೆಯ ಮುಂದೆ ಕುಳಿತು ಹಾಡಿದ ಐವರು ಹೆಂಗಸರಲ್ಲಿ ಕಲಾವಿದೆ ಯಾರು? ಮದುವೆಯೇ ಆಲ್ಬಮ್ಮೆ? ಈ ಪ್ರಶ್ನೆಗಳನ್ನು ಕೈಬಿಟ್ಟವರ ಸಂಗ್ರಹದಲ್ಲಿ ಎಲ್ಲ ಹಾಡುಗಳೂ ‘ಅಜ್ಞಾತ ಕಲಾವಿದ’ ಎಂಬ ಒಂದೇ ತಲೆಬರಹದ ಕೆಳಗೆ ರಾಶಿಯಾಗುತ್ತವೆ. ಆ ಹೆಂಗಸರು ಅಜ್ಞಾತರಲ್ಲ. ಅವರು ಯಾರೆಂಬುದು ಆ ಮನೆಯಲ್ಲಿ ಇಂದಿಗೂ ಒಬ್ಬರಿಗೋ ಇಬ್ಬರಿಗೋ ಗೊತ್ತಿದೆ.

ಇಲ್ಲಿ ನಮಗೆ ಬಿ. ಎಲ್. ರೈಸರ ಕ್ರಮವು ಮಾರ್ಗದರ್ಶಕವಾಗಬಲ್ಲದು. 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಯನ್ನು ಕೊಟ್ಟು, ಪ್ರತಿಯೊಂದು ಕಲ್ಲು ಯಾವ ಊರಿನಲ್ಲಿ ಎಲ್ಲಿ ನಿಂತಿದೆಯೆಂಬುದನ್ನು ತಿಳಿಸಲಾಗಿದೆ. ಪಾಠದಲ್ಲಿ ಒಂದೆರಡು ಕಡೆ ನಾವು ಭಿನ್ನಾಭಿಪ್ರಾಯ ತಳೆಯಬಹುದು. ಆದರೆ ಕಲ್ಲನ್ನು ಹುಡುಕಿಕೊಂಡು ಹೋಗಲು ಇಂದಿಗೂ ಆ ಉಲ್ಲೇಖವೇ ಆಧಾರ. ನೆಲೆ ತಿಳಿಯದ ಶಾಸನಕ್ಕೆ ಎಷ್ಟು ಬೆಲೆಯೋ ನೆಲೆ ತಿಳಿಯದ ಧ್ವನಿಗೂ ಅಷ್ಟೇ ಬೆಲೆ. ಹಾಗಾಗಿ ಪ್ರತಿ ಫೈಲಿನ ಹೆಸರಿನಲ್ಲಿಯೇ ತಾಲ್ಲೂಕು, ಊರು ಅಥವಾ ಹಟ್ಟಿ, ವರ್ಷ, ಕ್ಯಾಸೆಟ್ಟಿನ ಸಂಖ್ಯೆ, ಮಗ್ಗುಲು ಇವನ್ನು ಇದೇ ಅನುಕ್ರಮದಲ್ಲಿ ಬರೆಯುವುದು ಯೋಗ್ಯ. ಹಾಡಿದವರ ಹೆಸರುಗಳು, ಅವರ ತವರೂರು, ಸಂದರ್ಭ, ಮುದ್ರಿಸಿದವರು ಯಾರು ಎಂಬ ವಿವರಗಳನ್ನು ಫೈಲಿನೊಳಗಣ ಟ್ಯಾಗಿನ ಟಿಪ್ಪಣಿಯ ಸ್ಥಳದಲ್ಲಿ ತುಂಬಬೇಕು. ತವರೂರನ್ನು ಏಕೆ ಕೇಳಬೇಕೆಂದರೆ, ಹೆಂಗಸರ ಹಾಡುಗಳು ಮದುವೆಯ ಸಂಬಂಧಗಳ ದಾರಿಯಲ್ಲಿ ಊರಿಂದೂರಿಗೆ ಹೋಗುತ್ತವೆ. ಮಧುಗಿರಿಯ ಸೊಸೆ ಹಾಡಿದ ಪದವು ಶಿರಾದ್ದಾಗಿರಬಹುದು. ವರ್ಷ ನಿಶ್ಚಯವಾಗಿ ತಿಳಿಯದಿದ್ದರೆ ‘1988ಕ್ಕಿಂತ ಮೊದಲು, ಹಿರಿಯ ಮಗನ ಮದುವೆಗೆ ಹಿಂದೆ’ ಎಂದು ಬರೆದರೂ ಅದು ಆಧಾರವೇ.

ಈ ವಿವರಗಳನ್ನು ಸರ್ವರಿನ ಪರದೆಯಲ್ಲಿ ಬರೆದು ಬಿಟ್ಟರೆ ಸಾಲದು. ಅಲ್ಲಿ ಬರೆದುದು ಸಾಮಾನ್ಯವಾಗಿ ಆ ತಂತ್ರಾಂಶದ ಸ್ವಂತ ದಾಖಲೆಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ತಂತ್ರಾಂಶವನ್ನು ಬದಲಾಯಿಸಿದ ದಿನ ಅದೂ ಹೋಗುತ್ತದೆ. ಫೈಲಿನ ಒಳಗೋ, ಪಕ್ಕದಲ್ಲಿಯೇ ಒಂದು ಸರಳ ಬರಹದ ಫೈಲಿನಲ್ಲೋ ಬರೆದಿಟ್ಟರೆ ಸರ್ವರು ಯಾವುದಾದರೂ ನಡೆಯುತ್ತದೆ. ಲಿಪಿಯ ಬಗ್ಗೆಯೂ ಒಂದು ಮಾತು. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ತಯಾರಿಸಿದ ಪಟ್ಟಿಗಳು ಇಂದಿನ ಯಂತ್ರಗಳಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣಿಸುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಸೇರಿಸಬೇಕು. ಹಾಗೆ ಮಾಡಿದಲ್ಲಿ ಮೇಲೆ ಹೆಸರಿಸಿದ ಸರ್ವರುಗಳೆಲ್ಲ ಕನ್ನಡ ಹೆಸರುಗಳನ್ನು ಚೆನ್ನಾಗಿಯೇ ತೋರಿಸುತ್ತವೆ, ಹುಡುಕಿಕೊಡುತ್ತವೆ.

ಸರ್ವರು ಕೇಳುವ ಸಾಧನವೇ ಹೊರತು ಕಾಪಾಡುವ ಸಾಧನವಲ್ಲ. ಇವೆರಡನ್ನು ಒಂದೆಂದು ತಿಳಿಯುವುದು ಬಹಳ ಸಾಮಾನ್ಯವಾದ ಭ್ರಮೆ. ಒಂದು ಡಿಸ್ಕು ಒಂದು ದಿನ ನಿಂತೇ ನಿಲ್ಲುತ್ತದೆ. ಎರಡನೆಯ ಪ್ರತಿಯು ಬೇರೆ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಬೇಕು. ಇಳಿಸಿಯಾಯಿತೆಂದು ಮೂಲ ಕ್ಯಾಸೆಟ್ಟನ್ನು ಎಸೆಯಲೂ ಬಾರದು. ಅದರ ಚೀಟಿಯ ಮೇಲಿನ ಕೈಬರಹವೇ ಕೆಲವೊಮ್ಮೆ ಕಾಲನಿರ್ಣಯಕ್ಕೆ ಸಹಾಯಕ. ಚೀಟಿಯ ಫೋಟೋವನ್ನೂ ಅದೇ ಫೋಲ್ಡರಿನಲ್ಲಿ ಇಡುವುದು ಲೇಸು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮನೆಯವರು ಊರಿನ ಸರ್ವರನ್ನು ಅಲ್ಲಿಂದಲೇ ಕೇಳಲು ಬಯಸುವುದು ಸಹಜ. ಆದರೆ ನಮ್ಮಲ್ಲಿನ ಬಹಳಷ್ಟು ಇಂಟರ್ನೆಟ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸವಿರುವುದರಿಂದ ಹೊರಗಿನಿಂದ ನೇರವಾಗಿ ಮನೆಯ ಯಂತ್ರವನ್ನು ತಲುಪುವುದು ಸಾಧ್ಯವಾಗುವುದಿಲ್ಲ. ವೈರ್‌ಗಾರ್ಡ್ ಎಂಬ ಕ್ರಮವನ್ನು ಆಧರಿಸಿದ ಟೇಲ್‌ಸ್ಕೇಲಿನಂತಹ ಏರ್ಪಾಡಿನಿಂದ ಮನೆಯವರ ಯಂತ್ರಗಳಷ್ಟೇ ಸೇರಿದ ಒಂದು ಖಾಸಗಿ ಜಾಲವನ್ನು ಮಾಡಿಕೊಳ್ಳಬಹುದು. ಸರ್ವರನ್ನು ಲೋಕಕ್ಕೆಲ್ಲ ತೆರೆದಿಡುವುದಕ್ಕಿಂತ ಇದು ಸುರಕ್ಷಿತ.

ಕಾನೂನು ಮತ್ತು ಔಚಿತ್ಯಗಳ ಪ್ರಶ್ನೆಯನ್ನು ಬಿಡುವಂತಿಲ್ಲ. 1957ರ ಕೃತಿಸ್ವಾಮ್ಯ ಶಾಸನದ 52ನೆಯ ಪ್ರಕರಣವು ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗಕ್ಕಾಗಿ ಮಾಡುವ ನ್ಯಾಯವಾದ ಬಳಕೆಗೆ ಅವಕಾಶ ಕೊಟ್ಟಿದೆ. ಪ್ರಕಟವಾದ ಧ್ವನಿಮುದ್ರಿಕೆಯ ಹಕ್ಕು ಅರುವತ್ತು ವರ್ಷಗಳವರೆಗೆ ಇರುವುದರಿಂದ, 1964ರವರೆಗೆ ಪ್ರಕಟವಾದ ಮುದ್ರಿಕೆಗಳ ಮೇಲಣ ಆ ಹಕ್ಕು ಮುಗಿದಿದೆ. ಹಾಡುವವರಿಗೂ ಆಡುವವರಿಗೂ ತಮ್ಮ ಪ್ರದರ್ಶನದ ಮೇಲೆ ಐವತ್ತು ವರ್ಷಗಳ ಹಕ್ಕನ್ನು 38ನೆಯ ಪ್ರಕರಣ ಕೊಡುತ್ತದೆ. ಸಂಶೋಧಕರು ಇದನ್ನು ಮರೆಯುವುದೇ ಹೆಚ್ಚು. ಕಾನೂನಿಗಿಂತ ಸೂಕ್ಷ್ಮವಾದುದು ಮರ್ಯಾದೆ. ಬೀಗರನ್ನು ಹಾಸ್ಯಮಾಡಿದ ಪದ, ಸತ್ತವರನ್ನು ನೆನೆದು ಅತ್ತ ಧ್ವನಿ, ದೇವರ ಗುಡಿಯ ಒಳಗಿನ ಆಚರಣೆ, ಇವೆಲ್ಲ ಆ ಮನೆ ಅಥವಾ ಆ ಹಟ್ಟಿಯವರ ಸ್ವತ್ತು. ಜೆಲ್ಲಿಫಿನ್ ಮುಂತಾದವುಗಳಲ್ಲಿ ಯಾರಿಗೆ ಯಾವ ವಿಭಾಗ ಕಾಣಬೇಕೆಂದು ಗೊತ್ತುಪಡಿಸುವ ಸೌಲಭ್ಯವಿದೆ. ಒಮ್ಮೆ ಯೂಟ್ಯೂಬಿಗೆ ಏರಿಸಿದ ಮೇಲೆ ಇಂತಹ ಬೇಲಿ ಹಾಕುವುದು ಕಷ್ಟ.

ಸಂಸ್ಥೆಗಳು ಈ ಕೆಲಸವನ್ನು ಮಾಡಲಾರವೇ ಎಂದು ಕೇಳಬಹುದು. ಅಮೆರಿಕನ್ ಇನ್ಸ್‌ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಸ್ಥಾಪಿಸಿದ ಸಂಗೀತ ದಾಖಲೆಗಳ ಕೇಂದ್ರವು ಸಂಶೋಧಕರ ಮುದ್ರಣಗಳನ್ನು ಕಾಪಾಡುತ್ತಿದೆ. ಎಚ್. ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಬಳಿಯ ಜಾನಪದ ಲೋಕವೂ ಇದೆ. ಆದರೆ ಇವು ಸಂಶೋಧಕರು ಹಳ್ಳಿಗೆ ಹೋಗಿ, ಹಾಡುಗಾರರನ್ನು ಆರಿಸಿ, ಹಾಡಿಸಿ ಪಡೆದ ಮುದ್ರಣಗಳಿಗೆ ಸಹಜವಾದ ನೆಲೆ. ಮನೆಯವರು ತಮಗಾಗಿ ಮಾಡಿಕೊಂಡ ಮುದ್ರಣದಲ್ಲಿ ಆಯ್ಕೆ ಮನೆಯವರದು. ನಡುವೆ ಮಗು ಅಳುತ್ತದೆ, ಯಾರೋ ಕಾಫಿಗೆ ಕರೆಯುತ್ತಾರೆ, ಮರೆತ ಸಾಲನ್ನು ಇನ್ನೊಬ್ಬಳು ಎತ್ತಿಕೊಡುತ್ತಾಳೆ. ಇದೆಲ್ಲವೂ ಇತಿಹಾಸವೇ. ಕಾಲೇಜುಗಳು ಈ ಸಂಗ್ರಹಗಳನ್ನು ತಮ್ಮ ಕಪಾಟಿಗೆ ಸಾಗಿಸಲು ಹೊರಡುವುದಕ್ಕಿಂತ, ಒಂದು ಒಳ್ಳೆಯ ಟೇಪ್‌ರೆಕಾರ್ಡರನ್ನೂ ಇಳಿಸುವ ಸಾಧನವನ್ನೂ ಇಟ್ಟುಕೊಂಡು ವಿದ್ಯಾರ್ಥಿಗಳು ತಮ್ಮ ಮನೆಯ ಕ್ಯಾಸೆಟ್ಟುಗಳನ್ನು ಇಳಿಸಿಕೊಳ್ಳಲು ಅನುವುಮಾಡಿಕೊಡುವುದು ಉಚಿತವೆಂದು ನಮ್ಮ ಅಭಿಪ್ರಾಯ. ಪ್ರತಿಯನ್ನು ಕಾಲೇಜಿಗೆ ಕೊಡುವುದೂ ಬಿಡುವುದೂ ಮನೆಯವರ ಇಷ್ಟ.

ಯಾವುದನ್ನು ಮೊದಲು ಇಳಿಸಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ, ಅತಿ ಹಳೆಯ ಟೇಪಿನಿಂದ ಆರಂಭಿಸಿರೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಅತಿ ವಯಸ್ಸಾದವರು ಯಾವ ಮುದ್ರಣದ ಧ್ವನಿಗಳನ್ನು ಗುರುತಿಸಬಲ್ಲರೋ ಅದನ್ನು ಮೊದಲು ಇಳಿಸಬೇಕು. ಟೇಪು ಇನ್ನೂ ಐದು ವರ್ಷ ಉಳಿಯಬಹುದು. ಸರ್ವರಿನ ನಿಜವಾದ ಉಪಯೋಗ ಇಲ್ಲಿಯೇ: ಕಿವಿ ಮಂದವಾದ ಹಿರಿಯರು ನಡುಮನೆಯ ಟಿ.ವಿ.ಯ ಮುಂದೆ ಕುಳಿತು, ಬೇಕಾದಷ್ಟು ಧ್ವನಿಯಿಟ್ಟು, ಒಂದೇ ಪದವನ್ನು ನಾಲ್ಕು ಸಲ ಕೇಳಬಹುದು. ಹಾಗೆ ಕೇಳಿದರೆ ಟೇಪು ಸವೆಯುವುದಿಲ್ಲ. ಪಕ್ಕದಲ್ಲಿ ಕುಳಿತವರು ಇದು ಯಾರ ದನಿ, ಯಾವ ಊರಿನವರು, ಯಾರ ಮದುವೆ, ಈ ಪದವನ್ನು ಅವರು ಯಾರಿಂದ ಕಲಿತರು ಎಂದು ವಿಚಾರಿಸಿ, ಹೇಳಿದುದನ್ನು ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಇಬ್ಬರು ಹಿರಿಯರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಬೇಕು. ಟಿಪ್ಪಣಿಯ ಕೊನೆಗೆ ಗುರುತಿಸಿದವರ ಹೆಸರು, ಕೇಳಿ ಬರೆದವರ ಹೆಸರು, ದಿನಾಂಕ ಈ ಮೂರನ್ನೂ ಸೇರಿಸತಕ್ಕದ್ದು.